ಮರೆವಿನ ಗುಮ್ಮ

ಏಪ್ರಿಲ್ 10ಕ್ಕೆ ಫಲಿತಾಂಶ, 11ರಿಂದ ರಜೆ, ಮೇ 29ಕ್ಕೆ ಮತ್ತೆ ಶಾಲೆ. ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳ ಇತ್ತೀಚಿನ ವೇಳಾಪಟ್ಟಿ ಹೆಚ್ಚುಕಡಿಮೆ ಇದೇ. ಲೆಕ್ಕ ಹಾಕಿದರೆ 48 ದಿನ. ಖಾಸಗಿ ಶಾಲೆಗಳಲ್ಲಿ ಒಂದೆರಡು ವಾರ ಆಚೀಚೆ ಆಗಬಹುದು, ಅಷ್ಟೆ. ಈ ದಿನಗಳ ಬಗ್ಗೆ ನಮ್ಮಲ್ಲಿ ಒಂದು ಭಯ ಬೇರೂರಿಬಿಟ್ಟಿದೆ. ರಜೆಯಲ್ಲಿ ಮಕ್ಕಳು ಕಲಿತದ್ದನ್ನೆಲ್ಲ ಮರೆಯುತ್ತಾರೆ, ಜೂನ್‌ನಲ್ಲಿ ಮತ್ತೆ ಮೊದಲಿನಿಂದ ಹೇಳಿಕೊಡಬೇಕಾಗುತ್ತದೆ, ಆದ್ದರಿಂದ ರಜೆಯಲ್ಲೂ ಪುಸ್ತಕ ಬಿಡಿಸಬಾರದು ಅನ್ನುವುದು ಆ ಭಯ. ಇದನ್ನು ಪ್ರಾಂಶುಪಾಲರು ಪೋಷಕರ ಸಭೆಯಲ್ಲಿ ಹೇಳುತ್ತಾರೆ, ಟ್ಯೂಷನ್ ಮೇಷ್ಟ್ರು ಫೀಸು ಕೇಳುವಾಗ ಹೇಳುತ್ತಾರೆ, ಬೇಸಿಗೆ ಶಿಬಿರದವರು ಕರಪತ್ರದಲ್ಲಿ ಅಚ್ಚು ಹಾಕಿಸುತ್ತಾರೆ. ಎಲ್ಲರೂ ಹೇಳುತ್ತಾರೆಂಬ ಒಂದೇ ಕಾರಣಕ್ಕೆ ಯಾರೂ ಇದನ್ನು ಪರೀಕ್ಷಿಸಲು ಹೋಗುವುದಿಲ್ಲ.

ಈ ಭಯವನ್ನು ಕೈಯಲ್ಲಿ ಹಿಡಿದೇ ನೋಡಬಹುದು. 2ನೇ ತರಗತಿ ಮುಗಿಸಿದ ಮಗುವಿಗೆ ಒಂದು ಖಾಸಗಿ ಶಾಲೆ ಕೊಟ್ಟ ಹಾಲಿಡೇ ಹೋಂವರ್ಕ್ ನನ್ನ ಮೇಜಿನ ಮೇಲಿದೆ. ಸ್ಪೈರಲ್ ಬೈಂಡಿಂಗ್ ಮಾಡಿಸಿದ ಪುಸ್ತಕ. ಹೊದಿಕೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ನಗುವ ಸೂರ್ಯ. ಒಳಗೆ ದಿನಕ್ಕೊಂದು ಪುಟ ಇಂಗ್ಲಿಷ್ ಕಾಪಿ ರೈಟಿಂಗ್, ದಿನ ಬಿಟ್ಟು ದಿನ ಕನ್ನಡದ್ದು. 1ರಿಂದ 1000ದವರೆಗೆ ಅಂಕಿ ಬರೆಯಬೇಕು. 2ರಿಂದ 10ರವರೆಗಿನ ಮಗ್ಗಿ ಐದೈದು ಸಲ. ಐವತ್ತು ಕೂಡುವ ಲೆಕ್ಕ, ಐವತ್ತು ಕಳೆಯುವ ಲೆಕ್ಕ. ಥರ್ಮಾಕೋಲ್‌ನಲ್ಲಿ ಸೌರಮಂಡಲ. ಕೊನೆಯ ಪುಟದಲ್ಲಿ ‘ನಾನು ರಜೆ ಕಳೆದ ಬಗೆ’ ಎಂಬ ಹತ್ತು ಸಾಲಿನ ಪ್ರಬಂಧ. ಇದನ್ನೆಲ್ಲ ಮಾಡಿ ಮುಗಿಸಿದ ಮಗು ಆ ಹತ್ತು ಸಾಲಿನಲ್ಲಿ ಏನು ಬರೆಯಬೇಕು ಎಂದು ಶಾಲೆ ಯೋಚಿಸಿದಂತಿಲ್ಲ.

ಇದನ್ನು ಮಾಡುವವರು ಯಾರು ಎಂಬುದು ಗುಟ್ಟೇನಲ್ಲ. ಏಪ್ರಿಲ್ ಪೂರ್ತಿ ಈ ಕಟ್ಟು ಬೀರುವಿನ ಮೇಲಿರುತ್ತದೆ. ಮೇ ಕೊನೆಯ ವಾರ ಮನೆಯಲ್ಲಿ ಕೂಗಾಟ ಶುರು. ಅಕ್ಷರ ಮಗುವಿನದರ ಹಾಗೆ ಸೊಟ್ಟಗೆ ಕಾಣಲಿ ಅಂತ ಅಮ್ಮ ಎಡಗೈಯಲ್ಲಿ ಕಾಪಿ ಬರೆಯುತ್ತಾಳೆ. ಅಪ್ಪ ಸ್ಟೇಷನರಿ ಅಂಗಡಿಯಿಂದ ರೆಡಿಮೇಡ್ ಸೌರಮಂಡಲ ತರುತ್ತಾನೆ. ಶನಿಗ್ರಹದ ಬಳೆಯನ್ನೂ ಅಂಗಡಿಯವನೇ ಅಂಟಿಸಿ ಕೊಟ್ಟಿರುತ್ತಾನೆ. ಜೂನ್ ಮೊದಲ ವಾರ ಟೀಚರ್ ಎಲ್ಲ ಕಟ್ಟುಗಳ ಮೇಲೂ ಒಂದೊಂದು ಸಹಿ ಹಾಕಿ ಬದಿಗಿಡುತ್ತಾರೆ. ನಲವತ್ತು ಮಕ್ಕಳ ಕಟ್ಟು ಓದಲು ಅವರಿಗಾದರೂ ಎಲ್ಲಿದೆ ಪುರುಸೊತ್ತು? ಹೀಗೆ ಮಗು ಮಾಡದ ಕೆಲಸವನ್ನು ಟೀಚರ್ ಓದದೆ ಒಪ್ಪಿಕೊಳ್ಳುತ್ತಾರೆ. ಇಲ್ಲಿ ಮಗು ಕಲಿಯುವುದು ಒಂದೇ ಪಾಠ: ಶಾಲೆಯ ಕೆಲಸ ಎಂದರೆ ತೋರಿಕೆಯ ಕೆಲಸ.

ನಿಯಮದ ಪ್ರಕಾರ ನೋಡಿದರೂ ಈ ಕಟ್ಟಿಗೆ ನೆಲೆಯಿಲ್ಲ. 1 ಮತ್ತು 2ನೇ ತರಗತಿಯ ಮಕ್ಕಳಿಗೆ ಹೋಂವರ್ಕ್ ಕೊಡಬಾರದೆಂದು ಮದ್ರಾಸ್ ಹೈಕೋರ್ಟ್ 2018ರಲ್ಲಿ ಹೇಳಿತು. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಅದನ್ನೇ ಹೇಳಿ, 3ರಿಂದ 5ನೇ ತರಗತಿಯವರಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಎಂದು ಮಿತಿ ಹಾಕಿತು. ಈ ಮಾತು ಹೊಸದೂ ಅಲ್ಲ. ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಎದ್ದು ನಿಂತು ಮಕ್ಕಳ ಬೆನ್ನ ಮೇಲಿನ ಹೊರೆಯ ಬಗ್ಗೆ ಮಾತಾಡಿದ್ದರು. ಆಮೇಲೆ ಯಶಪಾಲ್ ಸಮಿತಿ ಬಂತು, 1993ರಲ್ಲಿ ವರದಿಯೂ ಬಂತು. ಶಾಲೆ ನಡೆಯುವ ದಿನಗಳಲ್ಲೇ ಹೋಂವರ್ಕ್ ಬೇಡ ಎಂದ ಮೇಲೆ ಶಾಲೆ ಮುಚ್ಚಿದ ದಿನಗಳಲ್ಲಿ ಅದು ಹೇಗೆ ನ್ಯಾಯವಾಗುತ್ತದೆ ಎಂಬ ಪ್ರಶ್ನೆಗೆ ಈ ಶಾಲೆಗಳಿಂದ ಉತ್ತರ ಬರುವುದಿಲ್ಲ. ಬರುವುದು ಒಂದೇ ಮಾತು: ‘ಇಲ್ಲದಿದ್ದರೆ ಮರೆತುಬಿಡುತ್ತಾರೆ.’

ಸರಿ, ಆ ಮರೆವನ್ನೇ ನೋಡೋಣ. ರಜೆಯಲ್ಲಿ ಕಲಿಕೆ ಸೋರಿಹೋಗುತ್ತದೆ ಎಂಬ ವಾದ ಇಷ್ಟು ಗಟ್ಟಿಯಾಗಿ ಬೆಳೆದದ್ದು ಅಮೆರಿಕದಲ್ಲಿ. 1996ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 39 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಬೇಸಿಗೆ ರಜೆಯಲ್ಲಿ ಮಕ್ಕಳು ಸರಾಸರಿ ಸುಮಾರು ಒಂದು ತಿಂಗಳ ಕಲಿಕೆ ಕಳೆದುಕೊಳ್ಳುತ್ತಾರೆ, ಓದಿಗಿಂತ ಗಣಿತದಲ್ಲಿ ಹೆಚ್ಚು ಎಂದರು. ಬಾಲ್ಟಿಮೋರ್ ನಗರದಲ್ಲಿ 1982ರಲ್ಲಿ 1ನೇ ತರಗತಿಗೆ ಸೇರಿದ ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಕಾರ್ಲ್ ಅಲೆಕ್ಸಾಂಡರ್ ಮತ್ತು ಡೋರಿಸ್ ಎಂಟ್ವಿಸಲ್, ಬಡ ಮಕ್ಕಳಿಗೂ ಉಳ್ಳವರ ಮಕ್ಕಳಿಗೂ ನಡುವಿನ ಅಂತರ ಹೆಚ್ಚಾಗಿ ಬೇಸಿಗೆಯಲ್ಲೇ ಅಗಲವಾಗುತ್ತದೆ ಎಂದರು. ಇವೆರಡೂ ಪ್ರಸಿದ್ಧವಾದವು. ಅಷ್ಟು ಪ್ರಸಿದ್ಧವಾಗದ್ದು ಅದರ ಮುಂದಿನ ಕಥೆ. ಟೆಕ್ಸಸ್ ವಿಶ್ವವಿದ್ಯಾಲಯದ ಪಾಲ್ ವಾನ್ ಹಿಪ್ಪೆಲ್ ಮೊದಲು ಇದನ್ನೇ ನಂಬಿದ್ದವರು. ಹೊಸ ಬಗೆಯ ಪರೀಕ್ಷೆಗಳನ್ನು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದಾಗ ಹಳೆಯ ಫಲಿತಾಂಶ ಮರುಕಳಿಸಲಿಲ್ಲ ಎಂದು 2019ರಲ್ಲಿ ಬರೆದರು. ಹಳೆಯ ಅಧ್ಯಯನಗಳಲ್ಲಿ ರಜೆಗೆ ಮುಂಚೆ ಕೊಟ್ಟ ಪ್ರಶ್ನೆಪತ್ರಿಕೆ ಒಂದು ಬಗೆಯದು, ರಜೆ ಮುಗಿದ ಮೇಲೆ ಮೇಲಿನ ತರಗತಿಗೆಂದು ಕೊಟ್ಟದ್ದು ಇನ್ನೊಂದು ಬಗೆಯದು. ಕುಸಿತದಲ್ಲಿ ಎಷ್ಟು ಪಾಲು ಮಗುವಿನದು, ಎಷ್ಟು ಪಾಲು ಪ್ರಶ್ನೆಪತ್ರಿಕೆಯದು ಎಂದು ಬೇರ್ಪಡಿಸುವುದೇ ಕಷ್ಟ.

ಇದರಿಂದ ಮರೆವೇ ಸುಳ್ಳು ಎಂದಾಗುವುದಿಲ್ಲ. ಅಮೆರಿಕದಲ್ಲೇ ಇನ್ನೂ ತಕರಾರಿನಲ್ಲಿರುವ ಮಾತನ್ನು, ಅಲ್ಲಿನ ಎರಡೂವರೆ ಮೂರು ತಿಂಗಳ ರಜೆಯ ಲೆಕ್ಕವನ್ನು, ನಮ್ಮ ಏಳು ವಾರಕ್ಕೆ ತಂದು ಅಂಟಿಸಿ ಸಿದ್ಧಾಂತ ಮಾಡಿಕೊಂಡಿದ್ದೇವೆ ಎಂದಷ್ಟೇ ನನ್ನ ತಕರಾರು. ಕೊರೊನಾ ಕಾಲವನ್ನು ಎದುರಿಗೆ ಹಿಡಿಯುವವರೂ ಇದ್ದಾರೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿ, ಶೇ 92ರಷ್ಟು ಮಕ್ಕಳು ಭಾಷೆಯಲ್ಲಿ ಹಿಂದಿನ ವರ್ಷದ ಒಂದಾದರೂ ಸಾಮರ್ಥ್ಯ ಕಳೆದುಕೊಂಡಿದ್ದಾರೆ ಎಂದು ವರದಿ ಕೊಟ್ಟಿತು. ವರದಿ ನಿಜ, ನಷ್ಟವೂ ನಿಜ. ಆದರೆ ಅದು ತಿಂಗಳುಗಟ್ಟಲೆ ಶಾಲೆಯ ಬಾಗಿಲೇ ತೆರೆಯದ, ಊರಿಗೆ ಊರೇ ಹೆದರಿ ಕೂತ ಕಾಲದ ನಷ್ಟ. ಆ ಅಂಕಿಯನ್ನು ತೋರಿಸಿ ಮಾವಿನಕಾಯಿ ಕಾಲದ ರಜೆಯನ್ನು ಕಸಿಯುವುದು ಮೋಸದ ವಾದ.

ಮರೆವನ್ನು ಮೊದಲು ಅಳೆದ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎರಡು ಸಂಗತಿಗಳಿವೆ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಉರು ಹೊಡೆದು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡವನು ಆತ. ಅವು ಬಹಳ ಬೇಗ ಮರೆತುಹೋಗುತ್ತವೆ ಎಂಬುದು ಒಂದು. ಮರೆತದ್ದನ್ನು ಎರಡನೇ ಸಲ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕು ಎಂಬುದು ಇನ್ನೊಂದು. ನಮ್ಮವರು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಕೈಬಿಟ್ಟರು. ಜೂನ್‌ನಲ್ಲಿ ಮಗು ತಡವರಿಸಿದರೆ ಎಲ್ಲವೂ ಅಳಿಸಿಹೋಯಿತೆಂದು ಎದೆ ಬಡಿದುಕೊಳ್ಳಬೇಕಿಲ್ಲ. ನಿಜಕ್ಕೂ ಕಲಿತದ್ದಾಗಿದ್ದರೆ ನಾಲ್ಕು ದಿನ ಆಡಿಸಿ ಓದಿಸಿದರೆ ಮೇಲೆ ಬರುತ್ತದೆ. ಮೇಲೆ ಬರಲೇ ಇಲ್ಲವೆಂದರೆ, ಅದು ಮಾರ್ಚ್‌ನಲ್ಲೂ ಇರಲಿಲ್ಲ.

ಇದಕ್ಕೆ ಒಂದು ಲೆಕ್ಕ ಸಾಕು. 52ರಿಂದ 27 ಕಳೆಯಬೇಕು. ಮಗು 35 ಎಂದು ಬರೆಯುತ್ತದೆ. 2ರಿಂದ 7 ಹೋಗುವುದಿಲ್ಲವೆಂದು 7ರಿಂದ 2 ಕಳೆದು 5 ಬರೆದಿದೆ, 5ರಿಂದ 2 ಕಳೆದು 3 ಬರೆದಿದೆ. 2ನೇ ತರಗತಿಯ ಯಾವ ಟೀಚರನ್ನು ಕೇಳಿದರೂ ಈ ತಪ್ಪಿನ ಪರಿಚಯ ಇರುತ್ತದೆ. 52 ಎಂದರೆ ಐದು ಹತ್ತು ಮತ್ತು ಎರಡು ಬಿಡಿ, ಒಂದು ಹತ್ತನ್ನು ಬಿಡಿಸಿದರೆ ಹನ್ನೆರಡು ಬಿಡಿ ಎಂಬುದು ಆ ಮಗುವಿಗೆ ಹೊಳೆದೇ ಇಲ್ಲ. ಹಾಗಾದರೆ ಪರೀಕ್ಷೆಯಲ್ಲಿ ಸರಿಯುತ್ತರ ಹೇಗೆ ಬಂತು? ಹಿಂದಿನ ವಾರ ಟೀಚರ್ ಬೋರ್ಡಿನ ಮೇಲೆ ಹತ್ತು ಸಲ ‘5 ಹೊಡೆದುಹಾಕಿ 4 ಬರೆಯಿರಿ, ಪಕ್ಕದಲ್ಲಿ 1 ಸೇರಿಸಿ’ ಎಂದು ಹೇಳಿಸಿದ್ದರು. ಅದು ಎಬ್ಬಿಂಗ್‌ಹೌಸನ ಅರ್ಥವಿಲ್ಲದ ಅಕ್ಷರಗುಚ್ಛವೇ. ರಜೆ ಇರಲಿ ಇಲ್ಲದಿರಲಿ, ಹೋಗಲೇಬೇಕಾದದ್ದು ಹೋಯಿತು. ಈಗ ಅದೇ ಮಗುವಿನ ಕೈಗೆ ಐವತ್ತು ಕಳೆಯುವ ಲೆಕ್ಕ ಕೊಟ್ಟು ಮನೆಗೆ ಕಳಿಸಿದರೆ ಏನಾಗುತ್ತದೆ? ಐವತ್ತು ಸಲ ಅದೇ ತಪ್ಪು ಮಾಡಿ ತಪ್ಪನ್ನು ಪಕ್ಕಾ ಮಾಡಿಕೊಂಡು ಬರುತ್ತದೆ. ತಿದ್ದುವವರು ಪಕ್ಕದಲ್ಲಿಲ್ಲದ ಅಭ್ಯಾಸದಿಂದ ಇನ್ನೇನೂ ಆಗುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು ಎನ್ನುತ್ತದೆ. ಆದರೂ 2024ರ ‘ಅಸರ್’ ಸಮೀಕ್ಷೆಯಲ್ಲಿ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ 3ನೇ ತರಗತಿ ಮಕ್ಕಳ ಪೈಕಿ 2ನೇ ತರಗತಿಯ ಪಾಠ ಓದಬಲ್ಲವರು ಶೇ 23.4 ಮಾತ್ರ. ಉಳಿದ ಮುಕ್ಕಾಲು ಪಾಲು ಮಕ್ಕಳು ಬೇಸಿಗೆಯಲ್ಲಿ ಓದು ಮರೆತವರಲ್ಲ. ಅವರಿಗೆ ಓದು ಹತ್ತಿಯೇ ಇಲ್ಲ. 800 ಗಂಟೆಯಲ್ಲಿ ತರಗತಿಯಲ್ಲಿ ಆಗದ ಕೆಲಸವನ್ನು 48 ದಿನದ ತಲೆಗೆ ಕಟ್ಟುವುದು ಶಾಲೆಗೆ ಅನುಕೂಲ, ಇಲಾಖೆಗೂ ಅನುಕೂಲ. ರಜೆ ಎದುರು ಮಾತಾಡುವುದಿಲ್ಲವಲ್ಲ.

ನನ್ನ ಆಕ್ಷೇಪದ ಮುಖ್ಯ ಭಾಗ ಇರುವುದು ಇಲ್ಲಿ. ಕಲಿಕೆ ನಿಜಕ್ಕೂ ಸೋರುವುದು ರಜೆಗೆ ಮುಂಚಿನ ವಾರಗಳಲ್ಲಿ. ಫೆಬ್ರುವರಿ ಕೊನೆಗೆ ಸಿಲೆಬಸ್ ಮುಗಿಸುವ ಧಾವಂತ, ಮಾರ್ಚ್‌ನಲ್ಲಿ ರಿವಿಷನ್, ಆಮೇಲೆ ಎರಡನೇ ಸಂಕಲನಾತ್ಮಕ ಮೌಲ್ಯಮಾಪನ, ಅಂದರೆ ಎಸ್‌ಎ–2. ಅದು ಮುಗಿದ ಕ್ಷಣದಿಂದ ಏಪ್ರಿಲ್ 10ರವರೆಗಿನ ದಿನಗಳಿಗೆ ಶಾಲೆಯಲ್ಲಿ ಹೇಳುವವರು ಕೇಳುವವರು ಇರುವುದಿಲ್ಲ. ಶಿಕ್ಷಕರು ಅಂಕ ಹಾಕಿ ಎಸ್‌ಎಟಿಎಸ್ ತಂತ್ರಾಂಶಕ್ಕೆ ತುಂಬಿಸುತ್ತಾ ಕೂತಿರುತ್ತಾರೆ. ಸರ್ವರ್ ಕೈಕೊಟ್ಟರೆ ಆ ದಿನ ಹೋಯಿತು. ಮಕ್ಕಳಿಗೆ ‘ಗಲಾಟೆ ಮಾಡದೆ ಕೂತಿರಿ’ ಎಂಬುದೇ ಪಾಠ. ಅರ್ಧ ಮಕ್ಕಳು ಬರುವುದೇ ಇಲ್ಲ, ಬಂದವರು ಬಿಸಿಯೂಟ ಮುಗಿಸಿ ಹೋಗುತ್ತಾರೆ. ಖಾಸಗಿ ಶಾಲೆಗಳಲ್ಲಿ ಬೇರೆ ಆಟ. ಯುಕೆಜಿ ಮಗುವಿಗೆ ಕಪ್ಪು ಗೌನು, ಚೌಕದ ಟೋಪಿ ತೊಡಿಸಿ ‘ಗ್ರ್ಯಾಜುಯೇಷನ್ ಡೇ’ ಮಾಡುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಗೌನಿನೊಳಗೆ ಬೆವರುವ ಮಗುವಿಗೆ ತಾನು ಏನು ಮುಗಿಸಿದೆ ಎಂಬುದು ಗೊತ್ತಿಲ್ಲ. ಫೋಟೊ ಮಾತ್ರ ಚೆನ್ನಾಗಿ ಬರುತ್ತದೆ.

ಪರೀಕ್ಷೆಯ ಭಯ ಕಳೆದ, ಸಿಲೆಬಸ್ಸಿನ ಹಂಗಿಲ್ಲದ ಆ ದಿನಗಳು ಇಡೀ ವರ್ಷದಲ್ಲೇ ಒಳ್ಳೆಯ ಕಲಿಕೆಯ ಕಾಲ ಆಗಬಹುದಿತ್ತು. ಅದಕ್ಕೆ ಬೇಕಾದ ಸಾಮಾನು ನಮ್ಮ ಶಾಲೆಗಳಲ್ಲೇ ಇದೆ. ಮಕ್ಕಳ ಸಂತೆಯನ್ನೇ ತೆಗೆದುಕೊಳ್ಳಿ. ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು 3ನೇ ತರಗತಿಯ ಹುಡುಗ ಹುಣಸೆಹಣ್ಣು, ಕೊತ್ತಂಬರಿ ಕಟ್ಟು ಮಾರುತ್ತಾನೆ. 27 ರೂಪಾಯಿಯ ವ್ಯಾಪಾರಕ್ಕೆ 50ರ ನೋಟು ಬರುತ್ತದೆ. ಪುಸ್ತಕದಲ್ಲಿ ಕಳೆಯುವ ಲೆಕ್ಕ ತಪ್ಪುವ ಹುಡುಗನೇ ಇಲ್ಲಿ 27ಕ್ಕೆ ಮೂರು ಸೇರಿಸಿದರೆ 30, ಅಲ್ಲಿಂದ ಇಪ್ಪತ್ತು ಎಂದು ಬೆರಳು ಮಡಚಿ 23 ರೂಪಾಯಿ ಚಿಲ್ಲರೆ ಎಣಿಸಿಕೊಡುತ್ತಾನೆ. ಶಿಕ್ಷಕರು ಪಕ್ಕದಲ್ಲಿ ನಿಂತು ನೋಡಬೇಕು, ಮರುದಿನ ಅದೇ ಲೆಕ್ಕವನ್ನು ಬೋರ್ಡಿಗೆ ತಂದು ‘ನೀನು ನಿನ್ನೆ ಹೇಗೆ ಮಾಡಿದೆ, ಹೇಳು’ ಎಂದು ಕೇಳಬೇಕು. ಈ ಎರಡನೇ ದಿನ ನಮ್ಮಲ್ಲಿ ಬರುವುದೇ ಇಲ್ಲ. ಬಿಇಒ ಸಾಹೇಬರು ಬಂದು ಫೋಟೊ ತೆಗೆಸಿಕೊಂಡರೆ ಸಂತೆ ಮುಗಿಯಿತು.

ಜೂನ್‌ನ ನೋಟ್‌ಬುಕ್ಕನ್ನೂ ಮಾರ್ಚ್‌ನ ನೋಟ್‌ಬುಕ್ಕನ್ನೂ ಪಕ್ಕಪಕ್ಕ ಇಟ್ಟು ‘ನಿನ್ನ ಅಕ್ಷರ ಎಲ್ಲಿಂದ ಎಲ್ಲಿಗೆ ಬಂತು ನೋಡು’ ಎಂದು ಮಗುವಿಗೇ ತೋರಿಸುವುದಕ್ಕೆ ದುಡ್ಡು ಬೇಕಿಲ್ಲ. ತರಗತಿಯವರೆಲ್ಲ ಸೇರಿ ಒಂದು ಕೈಬರಹದ ಪತ್ರಿಕೆ ಮಾಡಿ ಅದನ್ನು ಮುಂದಿನ ವರ್ಷದ ಮಕ್ಕಳಿಗೆ ಬಿಟ್ಟುಹೋಗಬಹುದು. ಓದಲು ಬರುವವರು ಬಾರದವರ ಪಕ್ಕ ಕೂತು ಗ್ರಂಥಾಲಯದ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡಿರುವ ಕಥೆಪುಸ್ತಕ ಓದಬಹುದು. ಏಪ್ರಿಲ್ 10ರಂದು ಫಲಿತಾಂಶ ಹೇಳುವ ‘ಸಮುದಾಯದತ್ತ ಶಾಲೆ’ ಸಭೆಯಲ್ಲಿ ಅಪ್ಪ–ಅಮ್ಮನಿಗೆ ಗ್ರೇಡು ಓದಿ ಹೇಳುವ ಬದಲು ಮಗುವೇ ಅವರ ಮುಂದೆ ಒಂದು ಪುಟ ಓದಿ ತೋರಿಸಬಹುದು. ವರ್ಷದ ಕೊನೆಯ ಚಟುವಟಿಕೆ ಎಂದರೆ ಹೀಗಿರಬೇಕು. ಇದರಲ್ಲಿ ಒಂದನ್ನೂ ಮಾಡದೆ, ಆ ದಿನಗಳನ್ನು ತಂತ್ರಾಂಶಕ್ಕೂ ಗೌನಿಗೂ ಒಪ್ಪಿಸಿ, ಆಮೇಲೆ ರಜೆಯ ಮೇಲೆ ಸಾಲದ ಚೀಟಿ ಬರೆದರೆ ಹೇಗೆ?

ಬಡ ಮಕ್ಕಳ ಮಾತು ಏನು ಎಂದು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಒಂದು ಪುಸ್ತಕವೂ ಇಲ್ಲದ, ಅಪ್ಪ–ಅಮ್ಮನ ಜೊತೆ ಗುಳೆ ಹೋಗುವ ಮಗುವಿಗೆ ರಜೆ ಎಂದರೆ ಅಜ್ಜಿಮನೆಯ ಹಲಸಿನಹಣ್ಣಲ್ಲ. ಇಟ್ಟಿಗೆ ಭಟ್ಟಿಯ ಪಕ್ಕದ ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಳ್ಳುವುದೇ ಅದರ ಬೇಸಿಗೆ. ಆದರೆ ಆ ಮಗುವಿಗೆ ಹೋಂವರ್ಕ್ ಕಟ್ಟು ಏನು ಮಾಡುತ್ತದೆ? ಎಡಗೈಯಲ್ಲಿ ಬರೆದುಕೊಡುವ ಅಮ್ಮ ಅದಕ್ಕಿಲ್ಲ, ರೆಡಿಮೇಡ್ ಸೌರಮಂಡಲಕ್ಕೆ ದುಡ್ಡಿಲ್ಲ. ಜೂನ್‌ನಲ್ಲಿ ಖಾಲಿ ಪುಟ ಹಿಡಿದು ಬಂದು ಬೈಸಿಕೊಳ್ಳುತ್ತದೆ, ಅಥವಾ ಬೈಸಿಕೊಳ್ಳಬೇಕಲ್ಲ ಎಂದು ಬರುವುದನ್ನೇ ಮುಂದೂಡುತ್ತದೆ. ಅಂತರ ತಗ್ಗಿಸುವ ಹೆಸರಿನಲ್ಲಿ ಬಂದ ಕಟ್ಟು ಅಂತರವನ್ನೇ ಅಳೆದು ತೋರಿಸುತ್ತದೆ.

ಅಂಥ ಮಗುವಿಗೆ ಬೇಸಿಗೆಯಲ್ಲಿ ಏನು ಬೇಕು ಎಂಬುದಕ್ಕೆ ಸಾಕ್ಷಿ ನಮ್ಮ ದೇಶದಲ್ಲೇ ಇದೆ. 2008ರ ಬೇಸಿಗೆಯಲ್ಲಿ ಬಿಹಾರದ ಸರ್ಕಾರಿ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆಯ ಸಾಮಗ್ರಿ ಇಟ್ಟುಕೊಂಡು ಒಂದು ತಿಂಗಳ ಓದಿನ ಶಿಬಿರ ನಡೆಯಿತು. ಕಲಿಸಿದವರು ಸರ್ಕಾರಿ ಶಿಕ್ಷಕರೇ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಪರೀಕ್ಷಿಸಿ ನೋಡಿದಾಗ ಮಕ್ಕಳ ಓದು ಸುಧಾರಿಸಿತ್ತು. ಇನ್ನೂ ಮುಖ್ಯವಾದ ಸಂಗತಿ ಬೇರೆ ಇದೆ. ಅಂಥದೇ ತರಬೇತಿ, ಅಂಥದೇ ಸಾಮಗ್ರಿಯನ್ನು ಶಾಲೆ ನಡೆಯುವ ದಿನಗಳಲ್ಲಿ ಶಿಕ್ಷಕರ ಕೈಗೆ ಕೊಟ್ಟಾಗ ಅಷ್ಟರಿಂದಲೇ ಏನೂ ಆಗಲಿಲ್ಲ. ಶಾಲೆಯ ದಿನಗಳಲ್ಲಿ ಅವರು ಸಿಲೆಬಸ್ ಓಡಿಸುವವರು. ಬೇಸಿಗೆಯಲ್ಲಿ ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು ಮಾಡುವ ಸ್ವಾತಂತ್ರ್ಯ ಸಿಕ್ಕಿತ್ತು. ದೋಷ ರಜೆಯಲ್ಲಿದೆಯೋ ಶಾಲೆಯ ನಡಾವಳಿಯಲ್ಲಿದೆಯೋ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕೇ?

ಊಟದ ಮಾತೂ ಇದೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತು. ನಮ್ಮ ರಾಜ್ಯ ಅಂಥ ತಾಲ್ಲೂಕುಗಳಲ್ಲಿ ‘ಬೇಸಿಗೆ ಸಂಭ್ರಮ’ ನಡೆಸಿದ್ದೂ ಉಂಟು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ‘ಓದುವ ಬೆಳಕು’ ಯೋಜನೆಯಡಿ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿದ್ದಾರೆ. ಬಯಸಿ ಬರುವ ಮಗುವಿಗೆ ಬಾಗಿಲು ತೆರೆದ ಒಂದು ಕೋಣೆ, ನಾಲ್ಕು ಕಥೆಪುಸ್ತಕ, ಒಂದು ಊಟ, ಹತ್ತಿರ ಕೂರುವ ಒಬ್ಬ ದೊಡ್ಡವರು: ಸರ್ಕಾರ ದುಡ್ಡು ಹಾಕಬೇಕಾದದ್ದು ಇದಕ್ಕೆ.

ಇನ್ನು ಮೊಬೈಲು. ಹೋಂವರ್ಕ್ ಇಲ್ಲದಿದ್ದರೆ ಮಕ್ಕಳು ದಿನವಿಡೀ ಮೊಬೈಲ್ ಹಿಡಿದು ಕೂರುತ್ತಾರೆ ಎನ್ನುವವರು, ಆ ಹೋಂವರ್ಕ್ ಬರುವುದು ಯಾವುದರಲ್ಲಿ ಎಂದು ಒಮ್ಮೆ ನೋಡಬೇಕು. ಪಿಡಿಎಫ್ ಬರುವುದು ವಾಟ್ಸ್‌ಆ್ಯಪ್‌ನಲ್ಲಿ, ‘ದಿನದ ಚಟುವಟಿಕೆ’ಯ ವಿಡಿಯೊ ವಾಪಸ್ ಕಳಿಸಬೇಕಾದದ್ದೂ ಅದರಲ್ಲೇ. ಗಂಡ–ಹೆಂಡತಿ ಇಬ್ಬರೂ ದುಡಿಯುವ ಮನೆಯ ಕಷ್ಟ ಬೇರೆ. ಮಗುವನ್ನು ಎಲ್ಲಿ ಬಿಡುವುದು ಎಂಬುದು ನಿಜವಾದ ಸಮಸ್ಯೆ, ಅದಕ್ಕೆ ಶಿಬಿರ ಬೇಕು ಎಂದರೆ ಬೇಕು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥವು ಎಷ್ಟಿದ್ದರೂ ಕಡಿಮೆಯೇ. ಅಲ್ಲಿ ಮಕ್ಕಳು ಹಾಡುತ್ತಾರೆ, ಕುಣಿಯುತ್ತಾರೆ, ಕೊನೆಗೆ ನಾಟಕವಾಡುತ್ತಾರೆ. ಅದನ್ನು ಬಿಟ್ಟು ಒಂದೂವರೆ ತಿಂಗಳಲ್ಲಿ ಅಬಾಕಸ್, ಕೋಡಿಂಗ್, ಕರ್ಸಿವ್, ವೇದಗಣಿತ ಎಲ್ಲವನ್ನೂ ಅರೆದು ಕುಡಿಸುತ್ತೇವೆ ಎನ್ನುವ ಶಿಬಿರಗಳು ಇದೇ ಮರೆವಿನ ಗುಮ್ಮನ ಹೆಸರಲ್ಲಿ ರಸೀದಿ ಹರಿಯುವ ಅಂಗಡಿಗಳು.

ಜೂನ್‌ಗೆ ಬರೋಣ. ಹಿಂದಿನ ವರ್ಷದ ಕಲಿಕೆಯನ್ನು ಮುಂದಿನದಕ್ಕೆ ಜೋಡಿಸಲೆಂದೇ ನಮ್ಮಲ್ಲಿ ಸೇತುಬಂಧ ಇದೆ. ಕೊರೊನಾ ಬಳಿಕ 2022ರಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮದ ಜೊತೆ ಶಾಲೆ ಶುರುವಾದಾಗ ಮೊದಲ ಎರಡು ವಾರ ‘ಮಳೆಬಿಲ್ಲು’ ಎಂದು ಆಟ–ಪಾಟಕ್ಕೆ ಕೊಟ್ಟಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ–ಕಲಿ ಪದ್ಧತಿಯ ತಿರುಳೇ ಇದು: ಮಗು ತಾನು ನಿಂತ ಮೈಲಿಗಲ್ಲಿನಿಂದಲೇ ಮುಂದಕ್ಕೆ ಹೋಗಬೇಕು. ಇಷ್ಟೆಲ್ಲ ಕಟ್ಟಿಕೊಂಡ ಮೇಲೂ ಸೇತುಬಂಧ ಎಷ್ಟೋ ಕಡೆ ಒಂದು ಪೂರ್ವ ಪರೀಕ್ಷೆ, ಒಂದು ಸಾಫಲ್ಯ ಪರೀಕ್ಷೆ, ನಡುವೆ ದಾಖಲೆ ಬರೆಯುವುದು ಎಂಬಷ್ಟಕ್ಕೆ ಇಳಿದಿದೆ. ಮರೆವಿಗೆ ಮದ್ದು ಇರುವುದು ಶಾಲೆ ಶುರುವಾದ ಆ ಮೊದಲ ವಾರಗಳಲ್ಲಿ. ಅದನ್ನು ಕಾಗದಕ್ಕೆ ಒಪ್ಪಿಸಿದವರಿಗೆ ಮೇ ತಿಂಗಳ ಮೇಲೆ ಕೈ ಹಾಕುವ ನೈತಿಕ ಹಕ್ಕು ಇಲ್ಲ.

ಆದ್ದರಿಂದ ಕೇಳಬೇಕಾದ್ದು ಇಷ್ಟು. ಇಲಾಖೆ ಒಂದು ಸುತ್ತೋಲೆ ಹೊರಡಿಸಿ, ಸರ್ಕಾರಿಯೋ ಖಾಸಗಿಯೋ, 5ನೇ ತರಗತಿಯವರೆಗೆ ರಜೆಯ ಹೋಂವರ್ಕ್ ಬೇಡವೆಂದು ಬರೆಯಲಿ. ಎಸ್‌ಎ–2 ಮುಗಿದ ದಿನದಿಂದ ಏಪ್ರಿಲ್ 10ರವರೆಗೆ ಅಂಕ ತುಂಬಿಸುವ ಕೆಲಸಕ್ಕೆ ಬೇರೆ ವ್ಯವಸ್ಥೆ ಮಾಡಿ ಶಿಕ್ಷಕರನ್ನು ತರಗತಿಗೆ ಬಿಡಲಿ. ಸೇತುಬಂಧದಿಂದ ಪರೀಕ್ಷೆ ತೆಗೆದುಹಾಕಲಿ. ಪೋಷಕರು ಇನ್ನೂ ಸುಲಭದ ಕೆಲಸ ಮಾಡಬಹುದು: ಕಟ್ಟನ್ನು ಖಾಲಿ ಬಿಟ್ಟು, ‘ಇದನ್ನು ನನ್ನ ಮಗು ಮಾಡಿಲ್ಲ, ನಾನೂ ಮಾಡಿಲ್ಲ’ ಎಂದು ಮೊದಲ ಪುಟದ ಮೇಲೆ ಸಹಿ ಹಾಕಿ ವಾಪಸ್ ಕೊಡಬಹುದು. ಒಂದು ತರಗತಿಯಲ್ಲಿ ಹತ್ತು ಜನ ಹೀಗೆ ಮಾಡಿದರೆ ಮುಂದಿನ ಏಪ್ರಿಲ್‌ನಲ್ಲಿ ಆ ಶಾಲೆಗೆ ಸ್ಪೈರಲ್ ಬೈಂಡಿಂಗ್ ಖರ್ಚು ಉಳಿಯುತ್ತದೆ.